ಓಣಿಯವರ ಒಪ್ಪಿಗೆಯೂ ಜೂಜಿನ ಸೌಧವೂ

೨೦೨೫ನೆಯ ಇಸವಿಯ ಸಪ್ಟೆಂಬರ ತಿಂಗಳಿನ ೧೭ರಿಂದ ೨೯ನೆಯ ತಾರೀಖಿನವರೆಗೆ, ಎಂದರೆ ಎರಡು ವಾರ ತುಂಬುವಷ್ಟರೊಳಗೆ, ನ್ಯೂಯಾರ್ಕ್ ಮಹಾನಗರದಲ್ಲಿ ನಾಲ್ಕು ದೊಡ್ಡ ಯೋಜನೆಗಳು ನೆಲ ಕಚ್ಚಿದವು. ನಾಲ್ಕೂ ಕ್ಯಾಸಿನೋ ಎಂಬ ಜೂಜಿನ ಸೌಧಗಳನ್ನು ಕಟ್ಟುವ ಯೋಜನೆಗಳೇ. ಅವುಗಳ ಬೆನ್ನಿಗೆ ಅಪಾರವಾದ ಬಂಡವಾಳವಿತ್ತು, ನುರಿತ ವಕೀಲರಿದ್ದರು, ಸಾವಿರಾರು ಮಂದಿಗೆ ಕೆಲಸ ಸಿಕ್ಕೀತೆಂಬ ಭರವಸೆಯಿತ್ತು. ಇಷ್ಟೆಲ್ಲ ಇದ್ದರೂ ಅವನ್ನು ಕೆಡವಿದವರು ನ್ಯಾಯಾಧೀಶರಲ್ಲ, ಧರ್ಮೋಪದೇಶಕರೂ ಅಲ್ಲ. ಆಯಾ ಓಣಿಯ ಪರವಾಗಿ ಕುಳಿತ ನಾಲ್ಕು ನಾಲ್ಕು ಮಂದಿ ಸಾಮಾನ್ಯ ಸದಸ್ಯರು ಕೈಯೆತ್ತಿ “ಬೇಡ” ಎಂದರು, ಕೆಲಸ ಮುಗಿಯಿತು.

ಈ ಸಂಗತಿಯನ್ನು ದೂರದೇಶದ ವಿನೋದವೆಂದು ನಮ್ಮ ವಾಚಕರು ಬದಿಗಿಡಬಾರದು. ಪಟ್ಟಣದ ನಡುವೆ ಒಂದು ಕೇಡನ್ನೋ ಒಂದು ಉದ್ಯಮವನ್ನೋ ತಂದು ನೆಲೆಗೊಳಿಸುವಾಗ ಅದರ ಪಕ್ಕದಲ್ಲಿ ಬಾಳಬೇಕಾದವನ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಎಲ್ಲ ಊರುಗಳದ್ದೂ ಆಗಿದೆ. ನ್ಯೂಯಾರ್ಕಿನಲ್ಲಿ ಅದಕ್ಕೆ ಒಂದು ಉತ್ತರ ದೊರೆಯಿತು. ಅದೇ ದೇಶದ ಇನ್ನೊಂದು ನಗರದಲ್ಲಿ ಬೇರೆಯೇ ಉತ್ತರ ದೊರೆತಿತ್ತು.

ನ್ಯೂಯಾರ್ಕ್ ರಾಜ್ಯದ ಜನರು ೨೦೧೩ರಲ್ಲಿ ಮತದಾನದ ಮೂಲಕ ತಮ್ಮ ರಾಜ್ಯಘಟನೆಯನ್ನು ತಿದ್ದಿ ಏಳು ಕ್ಯಾಸಿನೋಗಳಿಗೆ ಅವಕಾಶ ಮಾಡಿಕೊಟ್ಟಿದ್ದರು. ಮೊದಲಿನ ನಾಲ್ಕು ರಾಜಧಾನಿಯತ್ತಣ ಮೇಲ್ಸೀಮೆಗೆ ಹೋದವು. ಉಳಿದ ಮೂರು ಪರವಾನಗಿಗಳನ್ನು ಮಹಾನಗರದ ಕಡೆಗೆ ಕೊಡಬಹುದೆಂದು ೨೦೨೨ರಲ್ಲಿ ನಿಶ್ಚಯವಾಯಿತು. ಒಂದೊಂದು ಪರವಾನಗಿಗೆ ಕನಿಷ್ಠ ೫೦ ಕೋಟಿ ಡಾಲರು ಶುಲ್ಕ. ಉತ್ಪನ್ನದ ಬಹುಭಾಗ ನಗರದ ರೈಲು, ಬಸ್ಸುಗಳ ಸಂಸ್ಥೆಗೆ. ಬೊಕ್ಕಸದ ಕಣ್ಣು ಎತ್ತ ಇತ್ತೆಂಬುದು ಇದರಿಂದ ಸ್ಪಷ್ಟ. ಆದರೆ ಆ ಕಾನೂನನ್ನು ಬರೆದವರು ಅದರಲ್ಲಿ ಒಂದು ಒಳ್ಳೆಯ ಕಲಮನ್ನೂ ಸೇರಿಸಿದರು. ನಗರದೊಳಗಿನ ಪ್ರತಿಯೊಂದು ಅರ್ಜಿಗೂ ಆರು ಮಂದಿಯ ಒಂದು ಸ್ಥಳೀಯ ಸಮಿತಿ. ಗವರ್ನರರಿಂದ ಒಬ್ಬರು, ಮೇಯರರಿಂದ ಒಬ್ಬರು. ಉಳಿದ ನಾಲ್ವರನ್ನು ಆ ಭಾಗದಿಂದ ಚುನಾಯಿತರಾದವರು, ಅಂದರೆ ರಾಜ್ಯದ ಎರಡೂ ಸಭೆಗಳ ಸದಸ್ಯರು, ವಿಭಾಗಾಧ್ಯಕ್ಷರು ಮತ್ತು ನಗರಸಭಾ ಸದಸ್ಯರು, ನೇಮಿಸತಕ್ಕದ್ದು. ಬಹಿರಂಗ ಸಭೆಗಳನ್ನು ಕೂಡಿಸಿ ಜನರ ಮಾತನ್ನು ಕೇಳತಕ್ಕದ್ದು. ಮೂರರಲ್ಲಿ ಎರಡು ಪಾಲು ಮತ ಬೀಳದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ಮುಂದಿನ ಮಂಡಲಿಯ ಮೇಜಿಗೆ ಅದು ಹೋಗುವಂತೆಯೇ ಇಲ್ಲ.

ಟೈಮ್ಸ್ ಚೌಕದ ವಾದ ಎಲ್ಲಕ್ಕಿಂತ ಬಿರುಸಾದದ್ದು. ಅಲ್ಲಿಯ ಒಂದು ಎತ್ತರದ ಕಚೇರಿ ಕಟ್ಟಡವನ್ನೇ ಮಾರ್ಪಡಿಸಿ “ಸೀಸರ್ಸ್ ಪ್ಯಾಲೇಸ್” ಎಂಬ ಜೂಜಿನ ಅರಮನೆಯನ್ನು ಮಾಡಬೇಕೆಂದು ಅದರ ಒಡೆಯರಾದ ಎಸ್. ಎಲ್. ಗ್ರೀನ್ ಕಂಪನಿಯವರು ಹವಣಿಸಿದರು. ಗಾಯಕ ಜೇ-ಜೀ ಅವರ ಸಂಸ್ಥೆಯೂ ಅದರಲ್ಲಿ ಪಾಲುಗೊಂಡಿತ್ತು. ಪ್ರವಾಸಿಗರು ಹೆಚ್ಚುವರು, ಕೂಲಿಕಾರರಿಗೆ ಒಳ್ಳೆಯ ವೇತನದ ಕೆಲಸ ದೊರೆಯುವದು, ಚೌಕದ ಭದ್ರತೆಗೂ ಸ್ವಚ್ಛತೆಗೂ ಹಣ ಕೊಡುವೆವು ಎಂದು ಅವರ ಮಾತು. ಇದನ್ನು ಬರಿಯ ಕಪಟವೆಂದು ತಳ್ಳಿಹಾಕುವದು ನ್ಯಾಯವಲ್ಲ. ಕಟ್ಟಡ ಕೆಲಸಗಾರರ, ಹೋಟೆಲು ಕೆಲಸಗಾರರ ಸಂಘಗಳು ಇಂಥ ಯೋಜನೆಗಳನ್ನು ಬೆಂಬಲಿಸಿದ್ದು ಹೊಟ್ಟೆಯ ಪ್ರಶ್ನೆಯಿಂದಲೇ. ಆದರೆ ಆ ಚೌಕದ ಸುತ್ತಮುತ್ತ ಬ್ರಾಡ್‌ವೇಯ ೪೧ ನಾಟಕಗೃಹಗಳು ಇವೆ. ಅವುಗಳ ಒಡೆಯರ ಸಂಘವು ಎದ್ದು ನಿಂತು ಹೇಳಿದ್ದನ್ನು ಯಾರಾದರೂ ತೂಗಿ ನೋಡಬಹುದು: ನಾಟಕ ನೋಡಲು ಬಂದವನು ಆಟಕ್ಕೆ ಮುಂಚೆ ಒಂದು ಅಂಗಡಿಯಲ್ಲಿ ಊಟ ಮಾಡುತ್ತಾನೆ, ಆಟ ಮುಗಿದ ಮೇಲೆ ಇನ್ನೊಂದರಲ್ಲಿ ಕೂರುತ್ತಾನೆ, ಬೀದಿಯೆಲ್ಲ ಅವನಿಂದ ಬದುಕುತ್ತದೆ. ಕ್ಯಾಸಿನೋ ಹಾಗಲ್ಲ. ಒಳಗೆ ಹೊಕ್ಕವನು ಹೊರಗೆ ಬಾರದಿರಲಿ ಎಂದೇ ಅದನ್ನು ಕಟ್ಟಿರುತ್ತಾರೆ. ಊಟ ಅಲ್ಲಿಯೇ, ಪಾನ ಅಲ್ಲಿಯೇ, ನಿದ್ರೆಯೂ ಅಲ್ಲಿಯೇ.

ಸಪ್ಟೆಂಬರ ೧೭ರಂದು ಮತ ತೆಗೆದಾಗ ಗವರ್ನರರ ಮತ್ತು ಮೇಯರರ ಪ್ರತಿನಿಧಿಗಳಿಬ್ಬರು “ಆಗಲಿ” ಎಂದರು. ಸ್ಥಳೀಯರ ಕಡೆಯ ನಾಲ್ವರೂ “ಆಗದು” ಎಂದರು. ನಗರದ ಪಶ್ಚಿಮ ಭಾಗದ ಇನ್ನೊಂದು ಯೋಜನೆಗೆ ಅದೇ ದಿನ ಅದೇ ಗತಿಯಾಯಿತು. ಸಂಯುಕ್ತ ರಾಷ್ಟ್ರಗಳ ಪ್ರಧಾನ ಕಚೇರಿಯ ಹತ್ತಿರ ನದಿಯ ದಂಡೆಯಲ್ಲಿ ಮನೆಗಳನ್ನೂ ಉದ್ಯಾನವನ್ನೂ ಕೂಡಿಸಿ ಕಟ್ಟಿಕೊಡುವೆವೆಂದವರನ್ನು ೨೨ರಂದು ತಿರುಗಿ ಕಳಿಸಿದರು. ಕಡಲ ತಡಿಯ ಕೋನಿ ಐಲೆಂಡ್ ಬಡವರ ಜಾತ್ರೆಯ ಸ್ಥಳ. ೧೯೨೭ರಿಂದ ಮರದ ಹಳಿಯ ಮೇಲೆ ಓಡುವ “ಸೈಕ್ಲೋನ್” ಎಂಬ ಬಂಡಿ ಇಂದಿಗೂ ಅಲ್ಲಿ ಮಕ್ಕಳನ್ನು ಕೂಗಿಸುತ್ತದೆ. ಅಲ್ಲಿಯ ಸಮಿತಿಯೂ ೨೯ರಂದು ನಾಲ್ಕು ಮತಗಳಿಗೆ ಎರಡರಂತೆ ನಿರಾಕರಿಸಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸುಖಾಂತ್ಯದ ಕಥೆಯಾಗುತ್ತಿತ್ತು. ಆದರೆ ಕ್ವೀನ್ಸ್ ಭಾಗದ ಎರಡು ಯೋಜನೆಗಳೂ ಬ್ರಾಂಕ್ಸ್ ಭಾಗದ ಒಂದು ಯೋಜನೆಯೂ ತಮ್ಮ ತಮ್ಮ ಸಮಿತಿಗಳನ್ನು ದಾಟಿಕೊಂಡು ಹೋದವು. ಡಿಸೆಂಬರ ತಿಂಗಳಲ್ಲಿ ಮೂರಕ್ಕೂ ಪರವಾನಗಿ ದೊರೆಯಿತು. ಕ್ವೀನ್ಸಿನಲ್ಲಿ ಬೇಸ್‌ಬಾಲ್ ಮೈದಾನದ ಪಕ್ಕದಲ್ಲಿ ಗಾಡಿಗಳನ್ನು ನಿಲ್ಲಿಸುವ ವಿಶಾಲವಾದ ಬಯಲಿದೆ. ನೋಡಲು ಡಾಂಬರು ನೆಲವಾದರೂ ಕಾನೂನಿನ ದೃಷ್ಟಿಯಲ್ಲಿ ಅದು ಸಾರ್ವಜನಿಕ ಉದ್ಯಾನ. ಅಲ್ಲಿ ಮಳಿಗೆಗಳ ಸಂಕೀರ್ಣವೊಂದನ್ನು ಕಟ್ಟಲು ಹೊರಟವರನ್ನು ರಾಜ್ಯದ ಅತ್ಯುಚ್ಚ ನ್ಯಾಯಾಲಯವು ೨೦೧೭ರಲ್ಲಿ ತಡೆದಿತ್ತು. ಅದೇ ನೆಲದ ಮೇಲೆ ಬೇಸ್‌ಬಾಲ್ ತಂಡದ ಒಡೆಯರಾದ ಸ್ಟೀವ್ ಕೋಹೆನ್ ಅವರು ಹಾರ್ಡ್ ರಾಕ್ ಕಂಪನಿಯವರೊಡನೆ ೮೦೦ ಕೋಟಿ ಡಾಲರುಗಳ ಯೋಜನೆ ತಂದರು. ಆ ಭಾಗದ ಸೆನೆಟರ್ ಜೆಸಿಕಾ ರಾಮೋಸ್ ಅವರು ಉದ್ಯಾನವನ್ನು ಬಿಟ್ಟುಕೊಡುವ ಮಸೂದೆಯನ್ನು ಮಂಡಿಸಲು ಒಪ್ಪಲಿಲ್ಲ. ನೆರೆಯ ಕ್ಷೇತ್ರದ ಸೆನೆಟರ್ ಜಾನ್ ಲಿಯು ಅವರು ಮಂಡಿಸಿದರು. ೨೦೨೫ರಲ್ಲಿ ಅದು ಅಂಗೀಕೃತವಾಯಿತು. ಪಕ್ಕದ ಫ್ಲಶಿಂಗ್ ಪೇಟೆಯಲ್ಲಿ ಚೀನೀಯರು ಬಹಳ. ಅಲ್ಲಿಯ ಮುದುಕರನ್ನು ದೂರದ ಕ್ಯಾಸಿನೋಗಳಿಗೆ ಸಾಗಿಸುವ ಬಸ್ಸುಗಳು ವರ್ಷಗಟ್ಟಲೆ ಓಡಿವೆ. ಹತ್ತಿದವರಿಗೆ ಜೂಜಿನ ಚೀಟಿಗಳನ್ನು ಉಚಿತವಾಗಿ ಕೊಡುವ ಪದ್ಧತಿ. ಅಲ್ಲಿಯ ಸಂಘಗಳವರು ಸಭೆಗಳಿಗೆ ಬಂದು ವಿರೋಧಿಸಿದರು. ಸಮಿತಿಯು ಅವಿರೋಧವಾಗಿ ಒಪ್ಪಿಗೆ ಕೊಟ್ಟಿತು.

ಬ್ರಾಂಕ್ಸಿನ ಕಥೆ ಇನ್ನೂ ವಿಚಿತ್ರ. ನಗರಸಭೆಯು ೨೦೨೫ರ ಜುಲೈ ತಿಂಗಳಲ್ಲಿ ಆ ಯೋಜನೆಯನ್ನು ನಿರಾಕರಿಸಿತ್ತು. ಮೇಯರ್ ಆ್ಯಡಮ್ಸ್ ಅವರು ತಮ್ಮ ವಿಶೇಷಾಧಿಕಾರದಿಂದ ಆ ಠರಾವನ್ನು ರದ್ದುಪಡಿಸಿದರು. ಆ ಜಾಗದ ಗಾಲ್ಫ್ ಮೈದಾನವನ್ನು ಮೊದಲು ನಡೆಸುತ್ತಿದ್ದವರು ಡೊನಾಲ್ಡ್ ಟ್ರಂಪ್ ಅವರ ಕಂಪನಿಯವರು. ಅಲ್ಲಿ ಕ್ಯಾಸಿನೋಗೆ ಪರವಾನಗಿ ದೊರೆತರೆ ಅವರಿಗೆ ಇನ್ನೂ ೧೧ ಕೋಟಿ ೫೦ ಲಕ್ಷ ಡಾಲರುಗಳು ಸಲ್ಲಬೇಕೆಂದು ಕರಾರಿತ್ತು. ಇದರ ಮೇಲೆ ನಾವು ಟೀಕೆ ಬರೆಯುವ ಅಗತ್ಯವಿಲ್ಲ.

ಮ್ಯಾನ್‌ಹಟನ್ನಿನ ನಾಟಕಗೃಹಗಳ ಒಡೆಯರಿಗೆ ದಕ್ಕಿದ “ಬೇಡ” ಎಂಬ ಮಾತು ಬ್ರಾಂಕ್ಸಿನ, ಕ್ವೀನ್ಸಿನ ದುಡಿಯುವ ಜನರಿಗೆ ಏಕೆ ದಕ್ಕಲಿಲ್ಲ? ಉದ್ಯಾನ, ಮೈದಾನ, ಕೆಲಸ ಇವು ನಗರವು ತನ್ನ ಪ್ರಜೆಗಳಿಗೆ ಕರ್ತವ್ಯವೆಂದು ಕೊಡಬೇಕಾದವು. ಅವು ಇಲ್ಲದ ಓಣಿಗೆ ಜೂಜಿನ ಒಡೆಯನು ಅವುಗಳನ್ನು ತನ್ನ ಕೈಯಿಂದ ಕೊಡುವೆನೆಂದು ಬಂದಾಗ ಆ ಓಣಿಯ ಪ್ರತಿನಿಧಿ ಕೈಯೆತ್ತುವದು ಸಹಜ. ಅದನ್ನು ಒಪ್ಪಿಗೆಯೆನ್ನಬೇಕೋ ನಿರುಪಾಯವೆನ್ನಬೇಕೋ ನಾವು ಅರಿಯೆವು. ಇಷ್ಟು ಮಾತ್ರ ನಿಜ: ಅಲ್ಲಿ ಪ್ರಶ್ನೆಯನ್ನಾದರೂ ಕೇಳಿದರು.

ಕೇಳದೆಯೇ ನಡೆಸಿದ ಊರು ಫಿಲಡೆಲ್ಫಿಯಾ, ಅಮೇರಿಕೆಯ ಸ್ವಾತಂತ್ರ್ಯಪತ್ರಕ್ಕೆ ರುಜು ಬಿದ್ದ ಊರು. ಪೆನ್ಸಿಲ್ವೇನಿಯಾ ರಾಜ್ಯವು ೨೦೦೪ರಲ್ಲಿ ಜೂಜಿಗೆ ದಾರಿ ತೆರೆದು, ಇದರ ಉತ್ಪನ್ನದಿಂದ ಜನರ ಕರಭಾರವನ್ನು ಇಳಿಸುವೆವೆಂದು ಹೇಳಿತು. ೨೦೦೬ರ ಕೊನೆಯಲ್ಲಿ ಫಿಲಡೆಲ್ಫಿಯಾದ ನದಿಯ ದಂಡೆಗೆ ಎರಡು ಪರವಾನಗಿಗಳು ಬಂದವು. ಮನೆಗಳಿಂದ, ಶಾಲೆಗಳಿಂದ, ದೇವಾಲಯಗಳಿಂದ ೧೫೦೦ ಅಡಿಗಳೊಳಗೆ ಕ್ಯಾಸಿನೋ ಇರಕೂಡದೆಂಬ ನಿಯಮವನ್ನು ಜನಮತಕ್ಕೆ ಒಡ್ಡಿರೆಂದು ಪೌರರು ಸಾವಿರಾರು ಸಹಿಗಳನ್ನು ಕೂಡಿಸಿದರು, ನಗರಸಭೆಯೂ ಒಪ್ಪಿತು. ಆದರೆ ೨೦೦೭ರಲ್ಲಿ ರಾಜ್ಯದ ಶ್ರೇಷ್ಠ ನ್ಯಾಯಾಲಯವು ಆ ಪ್ರಶ್ನೆಯನ್ನು ಮತಪತ್ರದಿಂದಲೇ ತೆಗೆಯಿಸಿತು. ಮತ ಕೊಟ್ಟು ಸೋತವನಿಗೆ ಒಂದು ಸಮಾಧಾನವಿರುತ್ತದೆ. ಮತದ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ ಅವನು ಯಾರನ್ನು ಕೇಳಬೇಕು?

ಆ ಬಳಿಕ ೨೦೦೮ರಲ್ಲಿ ಪರವಾನಗಿ ಪಡೆದ ಎರಡರಲ್ಲಿ ಒಂದಾದ ಫಾಕ್ಸ್‌ವುಡ್ಸ್ ಕಂಪನಿಯು ನದಿಯ ದಂಡೆಯನ್ನು ಬಿಟ್ಟು ನಗರದ ನಡುಮಧ್ಯಕ್ಕೆ, ಚೀನೀಯರ ಪೇಟೆಯ ಸೆರಗಿಗೆ, ಬರಲು ಹವಣಿಸಿತು. ಹೆದ್ದಾರಿಯೊಂದನ್ನೂ ದೊಡ್ಡ ಸಭಾಭವನವೊಂದನ್ನೂ ಕಟ್ಟುವದಕ್ಕಾಗಿ ಅದಾಗಲೇ ತನ್ನ ನೆಲವನ್ನು ಕಳೆದುಕೊಂಡಿದ್ದ ಪೇಟೆಯದು. ೨೦೦೦ದಲ್ಲಿ ಆಟದ ಮೈದಾನವೊಂದು ಬರುವದನ್ನು ಹೋರಾಡಿ ತಪ್ಪಿಸಿಕೊಂಡಿತ್ತು. ಮತ್ತೆ ಜನ ಬೀದಿಗಿಳಿದರು. ೨೦೧೦ರ ಡಿಸೆಂಬರದಲ್ಲಿ ಆ ಪರವಾನಗಿ ರದ್ದಾಯಿತು. ಆದರೆ ಯಾವ ಕಾರಣದಿಂದ? ಕಂಪನಿಗೆ ಹಣ ಕೂಡಿಸಲಾಗಲಿಲ್ಲವೆಂಬ ಕಾರಣದಿಂದ. ಜನರು ಬೇಡವೆಂದರೆಂಬ ಕಾರಣದಿಂದಲ್ಲ. ಇನ್ನೊಂದು ಕ್ಯಾಸಿನೋ ಅದೇ ವರುಷ ನದಿಯ ದಂಡೆಯಲ್ಲಿ ಬಾಗಿಲು ತೆರೆದು ಈಗಲೂ ನಡೆದಿದೆ.

ಉತ್ಪನ್ನದ ವಾದವನ್ನು ಸ್ವಲ್ಪ ಬಿಡಿಸಿ ನೋಡೋಣ. ಅಮೇರಿಕೆಯ ರೂಲೆಟ್ ಚಕ್ರದಲ್ಲಿ ೩೮ ಮನೆಗಳಿರುತ್ತವೆ. ಒಂದು ಮನೆಯ ಮೇಲೆ ಒಂದು ಡಾಲರು ಒಡ್ಡಿ ಗೆದ್ದವನಿಗೆ ೩೫ ಡಾಲರು ಲಾಭ. ೩೮ ಮನೆಗಳ ಮೇಲೂ ಒಂದೊಂದು ಡಾಲರು ಇಟ್ಟವನಿಗೆ ತಿರುಗಿ ಬರುವದು ೩೬ ಡಾಲರು. ಉಳಿದ ಎರಡು, ಅಂದರೆ ನೂರಕ್ಕೆ ೫.೨೬, ಪ್ರತಿ ಸುತ್ತಿಗೂ ಸೌಧದ ಪಾಲು. ಇದರಲ್ಲಿ ಮೋಸವಿಲ್ಲ, ಕಳ್ಳ ದಾಳಗಳಿಲ್ಲ, ಲೆಕ್ಕವೇ ಹಾಗಿದೆ. ಒಂದು ಓಣಿಯಿಂದ ಹೀಗೆ ಹೊರಟ ಹಣದಲ್ಲಿ ಒಂದು ಭಾಗವು ಕರದ ರೂಪದಲ್ಲಿ ಸರಕಾರಕ್ಕೆ ಬಂದು, ಅದರಲ್ಲಿ ಒಂದು ಚೂರು ಅದೇ ಓಣಿಯ ಉದ್ಯಾನಕ್ಕೆ ಮರಳಿದರೆ ಅದನ್ನು ಔದಾರ್ಯವೆಂದು ಕರೆಯುತ್ತಾರೆ! ಆ ಉತ್ಪನ್ನವೂ ಶಾಶ್ವತವಲ್ಲ. ೧೯೭೬ರ ಜನಮತದಿಂದ ಜೂಜಿನ ನಗರವಾದ ಅಟ್ಲಾಂಟಿಕ್ ಸಿಟಿಯಲ್ಲಿ, ನೆರೆಯ ರಾಜ್ಯಗಳೂ ಕ್ಯಾಸಿನೋ ತೆರೆದ ಮೇಲೆ, ೨೦೧೪ರ ಒಂದೇ ವರ್ಷದಲ್ಲಿ ನಾಲ್ಕು ಸೌಧಗಳು ಮುಚ್ಚಿ ಸಾವಿರಾರು ಕೆಲಸಗಾರರು ಬೀದಿಪಾಲಾದರು. ಎರಡು ವರ್ಷಗಳ ತರುವಾಯ ಆ ನಗರಸಭೆಯ ಹಣಕಾಸಿನ ಆಡಳಿತವನ್ನೇ ರಾಜ್ಯ ಸರಕಾರ ತನ್ನ ಕೈಗೆ ತೆಗೆದುಕೊಂಡಿತು.

ಈ ವಿಚಾರದಲ್ಲಿ ನಮ್ಮ ಪೂರ್ವಿಕರಲ್ಲಿಯೂ ಒಮ್ಮತವಿರಲಿಲ್ಲ. ದ್ಯೂತವನ್ನು ರಾಜ್ಯದಿಂದಲೇ ಹೊರಗಟ್ಟಬೇಕೆಂದು ಮನುವಿನ ಮತ. ಕೌಟಿಲ್ಯನಾದರೋ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಆಟವನ್ನು ಒಂದೇ ಸ್ಥಳಕ್ಕೆ ಕಟ್ಟಿ, ಗೆದ್ದವನಿಂದ ನೂರಕ್ಕೆ ಐದರಂತೆ ವಸೂಲು ಮಾಡಲು ವಿಧಿಸಿದನು. (ರೂಲೆಟ್ ಚಕ್ರಕ್ಕಿಂತ ಕೌಟಿಲ್ಯನು ತುಸು ದಯಾಳು.) ಆದರೆ ಅವನ ಉದ್ದೇಶ ಕಣ್ಗಾವಲು, ಗುಪ್ತವಾಗಿ ಬದುಕುವವರನ್ನು ಗುರುತಿಸುವದು. ಹೆಚ್ಚು ಹೆಚ್ಚು ಜನರು ಆಡಲೆಂದು ಅವನು ದೀಪ ಹಚ್ಚಿ ಕರೆಯಲಿಲ್ಲ. ಮಹಾಭಾರತದಲ್ಲಿ ದ್ಯೂತಸಭೆಯನ್ನು ಕಟ್ಟಿಸಿದವನು ಧೃತರಾಷ್ಟ್ರ. ವಿದುರನು ಬೇಡವೆಂದು ಎಚ್ಚರಿಸಿದನು. ಕಡೆಗೆ ಪಾಂಡವರನ್ನು ಕರೆತರುವ ಓಲೆಕಾರನಾಗಿ ಆ ವಿದುರನೇ ಹೋಗಬೇಕಾಯಿತು. ಸರಕಾರಿ ನೌಕರಿಯಲ್ಲಿರುವ ನಮ್ಮ ವಾಚಕರಿಗೆ ಈ ಪ್ರಸಂಗದ ಮರ್ಮವನ್ನು ವಿವರಿಸಬೇಕಾಗಿಲ್ಲ.

ಭಾರತದ ಸಂವಿಧಾನದಲ್ಲಿ ಜೂಜು ರಾಜ್ಯಗಳ ಪಟ್ಟಿಯ ವಿಷಯ. ಕರ್ನಾಟಕವು ೨೦೦೭ರಲ್ಲಿ ಲಾಟರಿಯನ್ನೂ ಸಾರಾಯಿಯನ್ನೂ ನಿಲ್ಲಿಸಿತು. ಅದರಿಂದ ಬೊಕ್ಕಸವೇನೂ ಬರಿದಾಗಲಿಲ್ಲ. ಆದರೆ ಹುಬ್ಬಳ್ಳಿ, ಬೆಳಗಾವಿಗಳಿಂದ ಘಟ್ಟವಿಳಿದರೆ ಗೋವೆ. ಅಲ್ಲಿಯ ೧೯೭೬ರ ಜೂಜು ನಿಷೇಧದ ಕಾನೂನಿಗೆ ೧೯೯೦ರ ದಶಕದಲ್ಲಿ ತಿದ್ದುಪಡಿ ತಂದು ದೊಡ್ಡ ಹೋಟೆಲುಗಳಲ್ಲಿ ಯಂತ್ರಗಳ ಜೂಜಿಗೂ ಹಡಗುಗಳ ಮೇಲೆ ಕ್ಯಾಸಿನೋಗೂ ಎಡೆ ಮಾಡಿದರು. ಪಣಜಿಯ ಮಾಂಡೋವಿ ನದಿಯಲ್ಲಿ, ನಗರದ ಮುಖ್ಯ ರಸ್ತೆಯ ಎದುರಿಗೇ, ಆ ಹಡಗುಗಳು ದೀಪಾಲಂಕಾರ ಮಾಡಿಕೊಂಡು ನಿಂತಿವೆ. ಅವುಗಳನ್ನು ಅಲ್ಲಿಂದ ಸಾಗಿಸುವೆವೆಂದು ಸರಕಾರಗಳು ಎಷ್ಟೋ ಸಲ ಮಾತು ಕೊಟ್ಟವು. ಪ್ರತಿ ಸಲವೂ ಅವಧಿ ಬೆಳೆಯಿತು. ೨೦೨೦ರ ಫೆಬ್ರುವರಿಯಿಂದ ಗೋವೆಯ ನಿವಾಸಿಗಳಿಗೆ ಆ ಜೂಜಿನ ಕೋಣೆಗಳೊಳಗೆ ಪ್ರವೇಶವಿಲ್ಲವೆಂದು ಆಜ್ಞೆಯಾಯಿತು. ತನ್ನ ಮಕ್ಕಳಿಗೆ ಉಣಬಡಿಸಲು ಒಲ್ಲದ ಅಡಿಗೆಯನ್ನು ನೆರೆಮನೆಯವರಿಗೆ ಮಾರುವ ಈ ವ್ಯವಸ್ಥೆಯಲ್ಲಿ ಆ ನೆರೆಮನೆಯವರು ಯಾರು? ವಾರದ ಕೊನೆಗೆ ಘಟ್ಟವಿಳಿಯುವ ಗಾಡಿಗಳಲ್ಲಿ ನಮ್ಮ ಜಿಲ್ಲೆಗಳ ತರುಣರೂ ವ್ಯಾಪಾರಿಗಳೂ ಕುಳಿತಿರುತ್ತಾರೆ.

ನಮ್ಮ ಬೇಡಿಕೆ ಕ್ರಾಂತಿಕಾರಕವಾದದ್ದೇನೂ ಅಲ್ಲ. ಊರೊಳಗೆ ಇಂಥ ಉದ್ಯಮವನ್ನು ನೆಲೆಗೊಳಿಸುವ ಯಾವ ಸರಕಾರವೇ ಆಗಲಿ, ಮೊದಲು ಆ ವಾರ್ಡಿನ ಜನರ ಮತವನ್ನು ತೆಗೆದುಕೊಳ್ಳಲಿ. ಮತ ತೆಗೆದುಕೊಳ್ಳುವ ಮುನ್ನ ಆ ವಾರ್ಡಿಗೆ ಸಲ್ಲಬೇಕಾದ ನೀರು, ಶಾಲೆ, ಉದ್ಯಾನಗಳನ್ನು ನಗರಸಭೆಯ ಹಣದಿಂದಲೇ ಸಲ್ಲಿಸಲಿ. ಹಡಗುಗಳು ಬಂದು ಕಾಲು ಶತಮಾನ ಕಳೆದರೂ ಪಣಜಿಯ ಮತದಾರರ ಮುಂದೆ ಈ ಪ್ರಶ್ನೆಯನ್ನು ಒಂದು ಸಲವೂ ಮತಕ್ಕೆ ಒಡ್ಡಿಲ್ಲ.