ಹೊಸ ಆಪ್ಷನ್ ಬಂದಾಗ ಹಳೆಯ ಲೆಕ್ಕ ಬದಲಾಗಬಾರದು

ಅಕೌಂಟೆನ್ಸಿಯಲ್ಲಿ ಸವಕಳಿ ಲೆಕ್ಕವನ್ನು ನಾವೆಲ್ಲ ಮಾಡುತ್ತೇವೆ. ಅದಕ್ಕಾಗಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಪ್ರೋಗ್ರಾಂನ ಹೆಸರಿನ ಮುಂದೆ ಹೀಗೆ ಟೈಪ್ ಮಾಡಬೇಕು:

--ಬೆಲೆ 40000 --ದರ 10 --ವರ್ಷ 3

ಮೂರು ವರ್ಷದ ನಂತರ ಯಂತ್ರದ ಬೆಲೆ 28,000 ರೂಪಾಯಿ ಎಂದು ಉತ್ತರ ಬರುತ್ತದೆ. ಎರಡು ಅಡ್ಡಗೆರೆಗಳಿಂದ ಶುರುವಾಗುವ ಈ ಹೆಸರುಗಳಿಗೆ ಆಪ್ಷನ್ ಎನ್ನುತ್ತಾರೆ.

ಆಪ್ಷನ್‌ಗಳನ್ನು ಸಾಲು ಸಾಲು ಇಫ್-ಎಲ್ಸ್ ಬರೆದೂ ಓದಬಹುದು. ಆದರೆ ಆಗ ಪ್ರತಿ ಹೊಸ ಆಪ್ಷನ್‌ಗೂ ಮೂರು ಕಡೆ ಕೈ ಹಾಕಬೇಕು: ಓದುವ ಭಾಗ, ತಪ್ಪು ಪರೀಕ್ಷಿಸುವ ಭಾಗ, ಬಳಸುವವರಿಗೆ ಸಹಾಯ ತೋರಿಸುವ ಭಾಗ. ಒಂದು ಕಡೆ ಮರೆತರೂ ಮೂರಕ್ಕೂ ತಾಳೆಯಾಗುವುದಿಲ್ಲ.

ಪೈಥಾನ್‌ನ ಜೊತೆಗೇ ಬರುವ ಆರ್ಗ್‌ಪಾರ್ಸ್ ಎಂಬ ಮಾಡ್ಯೂಲ್ ಇದನ್ನು ಬೇರೆ ರೀತಿ ಮಾಡುತ್ತದೆ. ಇದು 2010ರಲ್ಲಿ ಪೈಥಾನ್ 2.7ಕ್ಕೆ, 2011ರಲ್ಲಿ 3.2ಕ್ಕೆ ಸೇರಿತು. ಇದರಲ್ಲಿ ಒಂದು ಆಪ್ಷನ್‌ಗೆ ಒಂದೇ ನಮೂದು: ಹೆಸರು, ಯಾವ ಬಗೆಯ ಬೆಲೆ, ಏನೂ ಕೊಡದಿದ್ದರೆ ಯಾವ ಬೆಲೆ, ಒಂದು ಸಾಲಿನ ವಿವರಣೆ. ಓದುವುದು, ಪರೀಕ್ಷಿಸುವುದು, ಸಹಾಯ ತೋರಿಸುವುದು ಮೂರೂ ಆ ನಮೂದಿನಿಂದಲೇ ನಡೆಯುತ್ತವೆ. ಲೆಡ್ಜರಿನಲ್ಲಿ ಹೊಸ ಖಾತೆ ತೆರೆದ ಹಾಗೆ. ಹಳೆಯ ಪುಟಗಳನ್ನು ತಿದ್ದಬೇಕಾಗಿಲ್ಲ.

ಈಗ ಇಳಿಕೆ ಶೇಷ ವಿಧಾನವೂ ಬೇಕು ಎನ್ನೋಣ. ಪ್ರತಿ ವಿಧಾನಕ್ಕೂ ಒಂದು ಫಂಕ್ಷನ್ ಬರೆದು, ಹೆಸರು ಮತ್ತು ಫಂಕ್ಷನ್‌ಗಳನ್ನು ಒಂದು ಡಿಕ್ಷನರಿಯಲ್ಲಿ ಇಡುತ್ತೇನೆ. --ವಿಧಾನ ಎಂಬ ಹೊಸ ಆಪ್ಷನ್‌ಗೆ ಆ ಡಿಕ್ಷನರಿಯ ಹೆಸರುಗಳನ್ನೇ ಒಪ್ಪುವ ಪಟ್ಟಿಯಾಗಿ ಕೊಡುತ್ತೇನೆ. ನಾಳೆ ಮೂರನೇ ವಿಧಾನ ಬಂದರೆ ಒಂದು ಫಂಕ್ಷನ್, ಡಿಕ್ಷನರಿಯಲ್ಲಿ ಒಂದು ಸಾಲು, ಅಷ್ಟೇ. ಪಟ್ಟಿಯಲ್ಲಿ ಇಲ್ಲದ ಹೆಸರು ಟೈಪ್ ಮಾಡಿದರೆ ಪ್ರೋಗ್ರಾಂ ತಪ್ಪು ತಿಳಿಸಿ ನಿಲ್ಲುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು.

ಮೊದಲನೆಯದು, --ವಿಧಾನ ಕೊಡದಿದ್ದಾಗ ಹಳೆಯ ಸ್ಥಿರ ಕಂತಿನ ವಿಧಾನವೇ ನಡೆಯಬೇಕು. ಇಳಿಕೆ ಶೇಷ ವಿಧಾನವನ್ನು ಡೀಫಾಲ್ಟ್ ಮಾಡಿದರೆ, ಮೇಲಿನ ಅದೇ ಕಮಾಂಡಿಗೆ 28,000ದ ಬದಲು 29,160 ಬರುತ್ತದೆ. ತಪ್ಪು ಎಂಬ ಸಂದೇಶವೂ ಬರುವುದಿಲ್ಲ. ಆ ಅಂಕಿಯನ್ನು ನಂಬಿ ಬ್ಯಾಲೆನ್ಸ್ ಶೀಟ್ ಬರೆಯುವವರಿಗೆ ಏನು ಬದಲಾಗಿದೆ ಎಂದೇ ತಿಳಿಯದು.

ಎರಡನೆಯದು, ಆರ್ಗ್‌ಪಾರ್ಸ್ ಆಪ್ಷನ್ ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಕೊಟ್ಟರೂ ಒಪ್ಪುತ್ತದೆ. ಇಲ್ಲಿಯವರೆಗೆ --ವ 3 ಎಂದರೆ --ವರ್ಷ 3 ಎಂದೇ ಅರ್ಥ. --ವಿಧಾನ ಸೇರಿದ ಮೇಲೆ ಯಾವುದು ಎಂದು ತಿಳಿಯದೆ ಪ್ರೋಗ್ರಾಂ ನಿಲ್ಲುತ್ತದೆ. ಪೈಥಾನ್ 3.5ರಿಂದ ಈ ಸೌಲಭ್ಯವನ್ನು ಆಫ್ ಮಾಡಬಹುದು. ಅದನ್ನು ಮೊದಲ ದಿನವೇ ಆಫ್ ಮಾಡಿದರೆ ಒಳ್ಳೆಯದು.

ಹೊಸ ಆಪ್ಷನ್ ಸೇರಿಸಿದ ಮೇಲೆ ಮೊದಲು ಹಳೆಯ ಕಮಾಂಡನ್ನೇ ಓಡಿಸಿ ನೋಡಿ. 28,000 ಬಂದರೆ ಮಾತ್ರ ಹೊಸದನ್ನು ಪರೀಕ್ಷಿಸಿ.