ಪರದೆಯ ಮೇಲಣ ಮಂಜು

ಮಾಗಡಿ ರಸ್ತೆಗೂ ನಾಗರಭಾವಿಗೂ ನಡುವೆ ಹಬ್ಬಿರುವ ಶ್ರೀಗಂಧದ ಕಾವಲಿನಲ್ಲಿ ಇಂದು ಗಂಧದ ಮರವನ್ನರಸಿ ಹೊರಟವನು ಬರಿಗೈಯಲ್ಲಿ ಮರಳಬೇಕಾದೀತು. ಹೆಸರಷ್ಟೇ ಹಳೆಯ ಕಾವಲನ್ನು ನೆನಪಿಗೆ ತರುತ್ತದೆ. ಉಳಿದುದೆಲ್ಲ ಒತ್ತೊತ್ತಾಗಿ ನಿಂತ ಮನೆಗಳು, ಅಂಗಡಿಗಳು, ಸುಂಕದಕಟ್ಟೆಯತ್ತ ಹೊರಳುವ ಓಣಿಗಳು. ಇಂತಹ ಮನೆಯ ಮೂಲೆಯಲ್ಲೊಂದು ಕಂಪ್ಯೂಟರು, ಅದರ ಮುಂದೆ ವೀಡಿಯೊ ಆಟದಲ್ಲಿ ಮುಳುಗಿದ ತರುಣ, ಇದು ಈಗ ಅಪರೂಪದ ನೋಟವಲ್ಲ. ಅಂತಹ ತರುಣರಲ್ಲಿ ಅನೇಕರ ದೂರು ಒಂದೇ: ಆಟವೆಲ್ಲ ಮಂಜು ಕವಿದಂತೆ ಕಾಣುತ್ತದೆ. ತಾಯಿ ಕಣ್ಣಿನ ವೈದ್ಯರನ್ನು ಕಾಣೆಂದು ಹೇಳುತ್ತಾಳೆ. ಗೆಳೆಯನು ಹೊಸ ಪರದೆಯನ್ನು ಕೊಳ್ಳೆನ್ನುತ್ತಾನೆ. ಅಂಗಡಿಯವನಂತೂ ಹೊಸ ಗ್ರಾಫಿಕ್ಸ್ ಕಾರ್ಡನ್ನೇ ಮುಂದಿಡುತ್ತಾನೆ. ಅದರ ಬೆಲೆಯಲ್ಲಿ ಆ ಮನೆಯ ಒಂದೆರಡು ತಿಂಗಳ ಬಾಡಿಗೆ ತೀರೀತು. ಹಣ ಬಿಚ್ಚುವುದಕ್ಕೆ ಮುನ್ನ ನೋಡಬೇಕಾದ ಸ್ಥಳವೊಂದಿದೆ. ಆಟದ ಸೆಟ್ಟಿಂಗ್ಸ್ ಪುಟದಲ್ಲಿ ‘ಆಂಟಿ ಏಲಿಯಾಸಿಂಗ್’ ಎಂಬ ಸಾಲೇ ಆ ಸ್ಥಳ.

ಮೊದಲು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ಆಟದ ಪಾತ್ರವನ್ನು ಒಂದು ಮರದ ಮುಂದೆ ಅಲುಗಾಡದೆ ನಿಲ್ಲಿಸಿರಿ. ಬಳಿಕ ಮೆಲ್ಲಗೆ ನಡೆಸಿರಿ. ನಿಂತಾಗ ಚೊಕ್ಕವಾಗಿದ್ದ ಎಲೆಗಳು ನಡೆದೊಡನೆ ಕಲಸಿಹೋದರೆ, ಕಣ್ಣು ನಿರಪರಾಧಿಯೆಂದು ತಿಳಿಯಬೇಕು. ಆಟದ ಹೊರಗೆ ಪತ್ರಿಕೆ ಓದುವಾಗಲೂ ಅಕ್ಷರಗಳು ಮಸುಕಾಗಿದ್ದರೆ ಆಗ ತಾಯಿಯ ಮಾತೇ ಸರಿ.

ಪರದೆಯೆಂಬುದು ಸಣ್ಣ ಚೌಕಗಳ ಹಾಸು. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಚೌಕಗಳಿರುತ್ತವೆ. ಒಂದು ಚೌಕಕ್ಕೆ ಒಂದು ಹೊತ್ತಿನಲ್ಲಿ ಒಂದೇ ಬಣ್ಣ. ಇದರಿಂದ ಹುಟ್ಟುವ ತೊಡಕು ಧಾರವಾಡದ ಕಡೆಯ ಕಸೂತಿಯನ್ನು ಬಲ್ಲ ಹೆಂಗಳೆಯರಿಗೆ ಹೊಸದಲ್ಲ. ಬಟ್ಟೆಯ ಎಳೆಗಳನ್ನೆಣಿಸಿ ಹಾಕುವ ಆ ಹೊಲಿಗೆಯಲ್ಲಿ ‘ಮುರಗಿ’ ಎಂಬ ಬಗೆಯೊಂದುಂಟು. ಅಲ್ಲಿ ಓರೆಗೆರೆಯು ಏಣಿಯ ಮೆಟ್ಟಿಲಿನಂತೆ ಏರುತ್ತದೆ. ಕಸೂತಿಯಲ್ಲಿ ಅದೇ ಸೊಗಸು. ಆಟದೊಳಗಿನ ವಿದ್ಯುತ್ ತಂತಿ, ಕುದುರೆಯ ಲಗಾಮು, ತೋಟದ ಬೇಲಿ ಇವೆಲ್ಲ ಮೆಟ್ಟಿಲಾದರೆ ಮಾತ್ರ ಯಾರಿಗೂ ಹಿತವಾಗದು. ಅದೂ ಅಲ್ಲದೆ, ಆಟಗಾರನು ನಡೆದಂತೆಲ್ಲ ಆ ಮೆಟ್ಟಿಲುಗಳು ಇರುವೆಸಾಲಿನಂತೆ ಹರಿದಾಡುತ್ತವೆ. ದೂರದ ಎಲೆಗಳು ಮಿಣಮಿಣ ಮಿನುಗುತ್ತವೆ. ಚಲಚ್ಚಿತ್ರದಲ್ಲಿ ಓಡುವ ಜಟಕಾ ಗಾಡಿಯ ಚಕ್ರವು ಒಮ್ಮೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೆ? ಅದೂ ಇದೇ ಕುಲದ ಮಾಯೆ. ಬೇಕಾದಷ್ಟು ಬಾರಿ ನೋಡದೆ ಚಿತ್ರ ಬರೆದರೆ, ಒಂದು ವಸ್ತು ಇನ್ನೊಂದರ ವೇಷದಲ್ಲಿ ಬಂದು ನಿಲ್ಲುತ್ತದೆ. ‘ಏಲಿಯಾಸ್’ ಎಂದರೆ ಆ ಮಾರುವೇಷವೇ.

ಈ ದೋಷವನ್ನು ಕಂಪ್ಯೂಟರ್ ಚಿತ್ರಗಳ ವಿಷಯದಲ್ಲಿ ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಅಮೆರಿಕದ ಫ್ರಾಂಕ್ಲಿನ್ ಕ್ರೋ ಮೊದಲಿಗರು. ಅವರ ಪ್ರಬಂಧ ಪ್ರಕಟವಾದುದು ೧೯೭೭ರಲ್ಲಿ. ಮದ್ದು ಸರಳವೇ: ಒಂದು ಚೌಕದೊಳಗೆ ಒಂದೇ ಕಡೆ ನೋಡುವ ಬದಲು ನಾಲ್ಕು ಕಡೆ ನೋಡಿ, ಬಣ್ಣಗಳ ಸರಾಸರಿಯನ್ನು ತೆಗೆಯುವುದು. ಆದರೆ ನಾಲ್ಕು ಬಾರಿ ನೋಡಿದರೆ ಯಂತ್ರಕ್ಕೆ ನಾಲ್ಕು ಪಟ್ಟು ದುಡಿಮೆ. ಆದುದರಿಂದ ಮಿತವ್ಯಯದ ಉಪಾಯಗಳು ಹುಟ್ಟಿದವು. ಎಂ.ಎಸ್.ಎ.ಎ. ಎಂಬುದು ಆಕಾರಗಳ ಅಂಚಿನಲ್ಲಿ ಮಾತ್ರ ಹಲವು ಬಾರಿ ನೋಡುತ್ತದೆ, ಚಿತ್ರವನ್ನು ಮಸುಕುಮಾಡದು. ಎಫ್.ಎಕ್ಸ್.ಎ.ಎ. ಎಂಬುದನ್ನು ಎನ್‌ವಿಡಿಯಾ ಸಂಸ್ಥೆಯ ತಿಮೋತಿ ಲಾಟ್ಸ್ ೨೦೦೯ರ ಸುಮಾರಿಗೆ ರೂಪಿಸಿದರು. ಅದು ಬರೆದು ಮುಗಿಸಿದ ಚಿತ್ರದಲ್ಲಿ ಅಂಚುಗಳನ್ನು ಹುಡುಕಿ, ಕಣ್ಣಿನ ಕಾಡಿಗೆಯನ್ನು ಬೆರಳಿನಿಂದ ತೀಡಿದಂತೆ ತೀಡುತ್ತದೆ. ಖರ್ಚು ಬಹಳ ಕಡಿಮೆ. ಆದರೆ ಕೆಲವು ಆಟಗಳಲ್ಲಿ ಅಕ್ಷರಗಳನ್ನೂ ತೀಡಿಬಿಡುತ್ತದೆ.

ಇಂದಿನ ಮಂಜಿಗೆ ಮುಖ್ಯ ಕಾರಣವಾದುದು ಟಿ.ಎ.ಎ. ಎಂಬ ಮೂರನೆಯ ಬಗೆ. ಬ್ರಯಾನ್ ಕಾರಿಸ್ ಎಂಬವರು ೨೦೧೪ರಲ್ಲಿ ಅನ್‌ರಿಯಲ್ ಎಂಜಿನ್ ಪರವಾಗಿ ಇದನ್ನು ವಿವರಿಸಿದ ಮೇಲೆ ಬಹುತೇಕ ದೊಡ್ಡ ಆಟಗಳು ಇದೇ ಹಾದಿಯನ್ನು ಹಿಡಿದವು. ಇದರ ಜಾಣತನವನ್ನು ಮೆಚ್ಚದಿರಲಾಗದು. ನಾಲ್ಕು ಬಾರಿ ನೋಡುವ ದುಡಿಮೆಯನ್ನು ಒಂದೇ ಗಳಿಗೆಯಲ್ಲಿ ಮಾಡದೆ, ಕಾಲದ ಉದ್ದಕ್ಕೂ ಹಂಚಿಬಿಡುತ್ತದೆ. ಪ್ರತಿಯೊಂದು ಚಿತ್ರದಲ್ಲೂ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸುತ್ತದೆ. ಹೊಸ ಚಿತ್ರದಿಂದ ಹತ್ತರಲ್ಲೊಂದು ಪಾಲನ್ನೋ ಅದಕ್ಕೂ ಕಡಿಮೆಯನ್ನೋ ತೆಗೆದುಕೊಂಡು, ಉಳಿದುದನ್ನು ಹಳೆಯ ಚಿತ್ರಗಳ ಸಂಗ್ರಹದಿಂದ ತುಂಬಿಕೊಳ್ಳುತ್ತದೆ. ಅಲುಗದ ದೃಶ್ಯದಲ್ಲಿ ಫಲ ಅದ್ಭುತ. ದೃಶ್ಯ ಚಲಿಸಿದಾಗ ಹಳೆಯ ಚಿತ್ರವನ್ನು ಹೊಸ ಸ್ಥಾನಕ್ಕೆ ಎಳೆದು ತರಬೇಕು. ಅದು ಚೌಕದ ಮೇಲೆಯೇ ಸರಿಯಾಗಿ ಬಂದು ಕೂರುವುದಿಲ್ಲ, ನೆರೆಯ ಚೌಕಗಳ ಬಣ್ಣ ಬೆರೆಯುತ್ತದೆ. ಕಾರ್ಬನ್ ಪ್ರತಿಯಿಂದ ಮತ್ತೊಂದು ಪ್ರತಿಯನ್ನು, ಅದರಿಂದ ಮಗದೊಂದನ್ನು ತೆಗೆದಂತೆ, ಪ್ರತಿ ಬಾರಿಯೂ ಒಂದಿಷ್ಟು ಚೊಕ್ಕತನ ಸೋರಿಹೋಗುತ್ತದೆ. ಓಡುವ ಕುದುರೆಯ ಹಿಂದೆ ಅದರ ದೆವ್ವದಂತಹ ನೆರಳೂ ಒಮ್ಮೊಮ್ಮೆ ಹಿಂಬಾಲಿಸುವುದುಂಟು.

ಇಲ್ಲಿ ಬಡವನಿಗೆ ಇಮ್ಮಡಿ ಪೆಟ್ಟು ಬೀಳುತ್ತದೆ. ಇಪ್ಪತ್ನಾಲ್ಕು ಅಂಗುಲದ ಸಾಮಾನ್ಯ ಪರದೆಯಲ್ಲಿ ಒಂದು ಚೌಕದ ಅಗಲ ಸುಮಾರು ೦.೨೮ ಮಿಲಿಮೀಟರ್; ಅಷ್ಟೇ ಗಾತ್ರದ ಫೋರ್-ಕೆ ಪರದೆಯಲ್ಲಿ ಅದರ ಅರ್ಧ. ಒಂದೆರಡು ಚೌಕಗಳಷ್ಟು ಹರಡುವ ಮಸುಕು ಸಿರಿವಂತನ ಪರದೆಯಲ್ಲಿ ಕಣ್ಣಿಗೆ ಬೀಳದು, ಬಡವನದರಲ್ಲಿ ಎದ್ದು ಕಾಣುವುದು. ಎಂಟು ಚಿತ್ರಗಳ ಸಂಗ್ರಹವು ಸೆಕೆಂಡಿಗೆ ೬೦ ಚಿತ್ರ ಬರೆಯುವ ಯಂತ್ರದಲ್ಲಿ ೦.೧೩ ಸೆಕೆಂಡಿನಷ್ಟು ಹಳೆಯದು. ೩೦ ಬರೆಯುವ ಯಂತ್ರದಲ್ಲಾದರೋ ೦.೨೭ ಸೆಕೆಂಡು.

‘ರೆಡ್ ಡೆಡ್ ರಿಡೆಂಪ್ಷನ್ ೨’ ಎಂಬ ಆಟವು ಇದಕ್ಕೆ ಪ್ರಸಿದ್ಧ ನಿದರ್ಶನ. ೨೦೧೮ರಲ್ಲಿ ಹೊರಬಂದು ೨೦೧೯ರ ನವೆಂಬರಿನಲ್ಲಿ ಕಂಪ್ಯೂಟರಿಗೆ ಬಂದ ಈ ಆಟಕ್ಕೆ ರಾಕ್‌ಸ್ಟಾರ್ ಸಂಸ್ಥೆಯ ಬೆಂಗಳೂರಿನ ಶಾಖೆಯವರೂ ದುಡಿದಿದ್ದಾರೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ರಾಜೇಶ್ ರಾವ್ ಅವರು ೧೯೯೭ರಲ್ಲಿ ಇದೇ ನಗರದಲ್ಲಿ ಕಟ್ಟಿದ ‘ಧ್ರುವ ಇಂಟರಾಕ್ಟಿವ್’ ಸಂಸ್ಥೆಯೂ ೨೦೧೯ರಲ್ಲಿ ರಾಕ್‌ಸ್ಟಾರ್ ಕೈಸೇರಿತು. ಆಟದ ಕಾಡು, ಹಿಮ, ಮುಸ್ಸಂಜೆಗಳ ಚೆಲುವನ್ನು ಹೊಗಳದವರಿಲ್ಲ. ಸಾಮಾನ್ಯ ಪರದೆಯಲ್ಲಿ ಅದು ಮಸುಕೆಂದು ಗೊಣಗದವರೂ ವಿರಳ. ಟಿ.ಎ.ಎ.ಯನ್ನು ತೆಗೆದುಹಾಕಿದರೆ ಮಸುಕೇನೋ ಹೋಗುವುದು. ಆದರೆ ಮರದೆಲೆಗಳೂ ಕುದುರೆಯ ಕೇಸರವೂ ಮರಳು ಚೆಲ್ಲಿದಂತೆ ಚುಕ್ಕಿಚುಕ್ಕಿಯಾಗುತ್ತವೆ. ಏಕೆಂದರೆ ಟಿ.ಎ.ಎ. ಇದ್ದೇ ಇರುವುದೆಂಬ ಭರವಸೆಯಿಂದಲೇ ಚಿತ್ರಕಾರರು ಅವನ್ನು ಅರೆಬರೆ ಚುಕ್ಕಿಗಳಲ್ಲಿ ಬಿಡಿಸಿದ್ದಾರೆ. ಎಂ.ಎಸ್.ಎ.ಎ. ಏರಿಸಿದರೆ ಯಂತ್ರವು ಏದುಸಿರು ಬಿಡುವುದು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಆಟದ ರೆಸಲ್ಯೂಷನ್ ಪರದೆಯದಕ್ಕೆ ಸಮನಾಗಿದೆಯೇ ನೋಡಬೇಕು. ಆಮೇಲೆ ‘ಮೋಷನ್ ಬ್ಲರ್’, ‘ಫಿಲ್ಮ್ ಗ್ರೇನ್’, ‘ಕ್ರೊಮ್ಯಾಟಿಕ್ ಅಬೆರೇಷನ್’ ಎಂಬವು ಆಟದಲ್ಲಿದ್ದರೆ ಆರಿಸಿಬಿಡಬೇಕು. ಛಾಯಾಗ್ರಾಹಕರು ತಲೆಮಾರುಗಳ ಕಾಲ ಹೆಣಗಿ ತೊಲಗಿಸಿದ ಲೋಪಗಳನ್ನು ಆಟದವರು ಕಷ್ಟಪಟ್ಟು ಮರಳಿ ಬರಮಾಡಿಕೊಂಡಿರುವುದು ವಿಚಿತ್ರವೇ ಸರಿ! ಟಿ.ಎ.ಎ.ಯನ್ನು ಉಳಿಸಿಕೊಂಡು, ಎಫ್.ಎಕ್ಸ್.ಎ.ಎ.ಯನ್ನು ತೆಗೆಯಬೇಕು, ಒಂದರ ಮೇಲೊಂದು ಮಸುಕು ಯಾರಿಗೆ ಬೇಕು? ಬಳಿಕ ‘ಟಿ.ಎ.ಎ. ಶಾರ್ಪನಿಂಗ್’ ಎಂಬ ಪಟ್ಟಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಬೆಟ್ಟದ ಅಂಚಿನಲ್ಲಿ ಬಿಳಿಯ ಗೆರೆ ಮೂಡಿತೆಂದರೆ ಮಿತಿ ಮೀರಿತೆಂದೇ ಅರ್ಥ. ಯಂತ್ರದಲ್ಲಿ ಶಕ್ತಿ ಮಿಕ್ಕಿದ್ದರೆ ‘ರೆಸಲ್ಯೂಷನ್ ಸ್ಕೇಲ್’ ಎಂಬುದನ್ನು ಒಂದೂಕಾಲಿಗೆ ಏರಿಸಬಹುದು. ಆಗ ಬರೆಯಬೇಕಾದ ಚೌಕಗಳು ಒಂದೂವರೆ ಪಟ್ಟಿಗೂ ತುಸು ಹೆಚ್ಚಾಗುವುದರಿಂದ, ನೀರು ಮತ್ತು ಮಂಜಿನ ಗುಣಮಟ್ಟವನ್ನು ಇಳಿಸಿ ಸರಿದೂಗಿಸಬೇಕಾಗುವುದು. ಕ್ರಮ ಮುಖ್ಯ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಬೇಲಿಯ ಪಕ್ಕದಲ್ಲಿ ಅದೇ ನಡಿಗೆಯಲ್ಲಿ ನಡೆದು ನೋಡಬೇಕು. ನಾಲ್ಕನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದೇ ತಿಳಿಯದು.

‘ಕೌಂಟರ್-ಸ್ಟ್ರೈಕ್ ೨’, ‘ವ್ಯಾಲೊರಂಟ್’ ಇಂಥ ಪೈಪೋಟಿಯ ಆಟಗಳ ಮಾತು ಬೇರೆ. ಇವುಗಳಲ್ಲಿ ಎಂ.ಎಸ್.ಎ.ಎ. ದೊರೆಯುವುದರಿಂದ, ಯಂತ್ರ ತಾಳಿದಷ್ಟು ಅದನ್ನೇ ಇರಿಸಿಕೊಳ್ಳುವುದು ಲೇಸು. ದೂರದ ಮೂಲೆಯಲ್ಲಿ ಅಡಗಿದ ಎದುರಾಳಿಯು ನಾಲ್ಕಾರು ಚೌಕಗಳಷ್ಟೇ ದೊಡ್ಡವನು, ಅವನನ್ನೂ ತೀಡಿ ಅಳಿಸಿದರೆ ಆಟವೇ ಹೋಯಿತು.

ಡಿ.ಎಲ್.ಎಸ್.ಎಸ್., ಎಫ್.ಎಸ್.ಆರ್. ಎಂಬ ಹೊಸ ವಿಧಾನಗಳ ಹೆಸರು ಈಗ ಎಲ್ಲೆಡೆ ಕೇಳಿಬರುತ್ತಿದೆ. ಮೇಲೆ ಹೇಳಿದ ಆಟಕ್ಕೆ ಮೊದಲನೆಯದು ೨೦೨೧ರ ಜುಲೈನಲ್ಲಿ, ಎರಡನೆಯದು ೨೦೨೨ರ ಸೆಪ್ಟೆಂಬರಿನಲ್ಲಿ ಬಂದವು. ಇವೂ ಹಳೆಯ ಚಿತ್ರಗಳನ್ನು ಬೆರೆಸುವ ಕುಲದವೇ, ಆದರೆ ಹೆಚ್ಚು ನಯಗಾರಿಕೆಯವು. ಎಚ್ಚರ ಬೇಕಾದುದು ಒಂದರಲ್ಲಿ: ಸಾಮಾನ್ಯ ಪರದೆಯಲ್ಲಿ ‘ಕ್ವಾಲಿಟಿ’ ಎಂದು ಆರಿಸಿದರೂ ಯಂತ್ರವು ನಿಜವಾಗಿ ಬರೆಯುವುದು ೧೨೮೦ಕ್ಕೆ ೭೨೦ ಚೌಕಗಳನ್ನು, ಎಂದರೆ ಅರ್ಧಕ್ಕಿಂತಲೂ ಕಡಿಮೆ. ಉಳಿದುದೆಲ್ಲ ಊಹೆ. ಡಿ.ಎಲ್.ಎಸ್.ಎಸ್.ಗೆ ಎನ್‌ವಿಡಿಯಾದ ಆರ್.ಟಿ.ಎಕ್ಸ್. ಕಾರ್ಡು ಬೇಕೇಬೇಕು. ಅದುಳ್ಳವರು, ಆಟದಲ್ಲಿ ‘ಡಿ.ಎಲ್.ಎ.ಎ.’ ಎಂಬುದಿದ್ದರೆ, ಅದನ್ನೇ ಆರಿಸುವುದು ಮೇಲು. ಅದು ಚೌಕಗಳನ್ನು ಕಡಿತಗೊಳಿಸದೆ ಅಂಚುಗಳನ್ನಷ್ಟೇ ತಿದ್ದುತ್ತದೆ. ೨೦೨೫ರ ಜನವರಿಯಲ್ಲಿ ಪ್ರಕಟವಾದ ಡಿ.ಎಲ್.ಎಸ್.ಎಸ್.ನ ಹೊಸ ರೂಪವು ಚಲನೆಯಲ್ಲಿನ ಮಸುಕನ್ನು ಎದ್ದುಕಾಣುವಷ್ಟು ತಗ್ಗಿಸಿದೆ, ಹಳೆಯ ಆರ್.ಟಿ.ಎಕ್ಸ್. ಕಾರ್ಡುಗಳಲ್ಲೂ ಅದು ನಡೆಯುತ್ತದೆ. ಎಫ್.ಎಸ್.ಆರ್. ೨ ಎಂಬುದಕ್ಕೆ ಇಂತಹುದೇ ಕಾರ್ಡು ಬೇಕೆಂಬ ನಿರ್ಬಂಧವಿಲ್ಲ.

ಕೈಫೋನಿನಲ್ಲಿ ಆಡುವವರಿಗೂ ಒಂದು ಮಾತು. ಬಿ.ಜಿ.ಎಂ.ಐ. ಆಟದ ಗ್ರಾಫಿಕ್ಸ್ ಪುಟದಲ್ಲಿಯೂ ಕೆಲವು ಫೋನುಗಳಲ್ಲಿ ಆಂಟಿ ಏಲಿಯಾಸಿಂಗ್ ಸಾಲು ಕಾಣುತ್ತದೆ. ಫೋನಿನ ಚೌಕಗಳು ಬಹು ಸಣ್ಣವಾದುದರಿಂದ ಅಲ್ಲಿ ಲಾಭ ಅಲ್ಪ, ಕಾವೇರುವುದೂ ಬ್ಯಾಟರಿ ಕರಗುವುದೂ ಹೆಚ್ಚು. ಫೋನಾಗಲಿ ಕಂಪ್ಯೂಟರಾಗಲಿ, ಒಪ್ಪುವ ಜೋಡಣೆ ಸಿಕ್ಕೊಡನೆ ಅದನ್ನೊಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಆಟದ ಹೊಸ ಆವೃತ್ತಿ ಇಳಿದಾಗ ಈ ಸಾಲುಗಳು ಒಮ್ಮೊಮ್ಮೆ ಹೇಳದೆಯೇ ಮೊದಲಿನ ಸ್ಥಿತಿಗೆ ಮರಳಿಬಿಡುತ್ತವೆ.