ವಿದೂಷಕ ಮೀನಿನ ಮನೆ

ಸಂಸ್ಕೃತ ನಾಟಕಗಳ ವಿದೂಷಕನನ್ನು ತಾವು ಬಲ್ಲಿರಿ. ನಾಯಕನ ಸಂಗವನ್ನು ಬಿಟ್ಟು ಅವನಿಗೆ ಬಾಳಿಲ್ಲ. ಕಡಲಿನಲ್ಲಿಯೂ ಅಂಥದೊಂದು ಜೀವಿಯುಂಟು. ಕಿತ್ತಳೆ ಬಣ್ಣದ ಮೈ. ತಲೆಯ ಹಿಂದೆ, ನಡುವಿನಲ್ಲಿ, ಬಾಲದ ಬುಡದಲ್ಲಿ ಒಂದೊಂದು ಬಿಳಿಯ ಪಟ್ಟೆ. ಉದ್ದ ಹೆಚ್ಚೆಂದರೆ 11 ಸೆಂಟಿಮೀಟರು. ಈ ವೇಷವನ್ನು ಕಂಡೇ ಇದನ್ನು ವಿದೂಷಕ ಮೀನೆಂದು ಕರೆದರು. 2003ರ ‘ಫೈಂಡಿಂಗ್ ನೀಮೋ’ ಚಲನಚಿತ್ರವನ್ನು ನೋಡಿದ ಮಕ್ಕಳಿಗೆ ಇದು ಪರಿಚಿತವೇ.

ನಮ್ಮ ಅಂಡಮಾನಿನಿಂದ ಹಿಡಿದು ಇಂಡೋನೇಷಿಯ, ಫಿಲಿಪ್ಪೀನ್ಸ್, ಆಸ್ಟ್ರೇಲಿಯದ ವಾಯವ್ಯ ಕರಾವಳಿಯವರೆಗೆ, ಬೆಚ್ಚನೆಯ ನೀರಿನ ಹವಳದ ದಿಬ್ಬಗಳೇ ಇದರ ಸೀಮೆ. ಅಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಕಡಲಹೂವೇ ಇದರ ಮನೆ. ಹೆಸರು ಹೂವಾದರೂ ಅದೊಂದು ಪ್ರಾಣಿ. ಅದರ ಎಸಳುಗಳಂಥ ಬಾಹುಗಳಲ್ಲಿ ಕಣ್ಣಿಗೆ ಕಾಣದ ವಿಷದ ಮುಳ್ಳುಗಳಿವೆ. ಬೇರೆ ಸಣ್ಣ ಮೀನು ಸೋಕಿತೆಂದರೆ ಅದರ ಕಥೆ ಮುಗಿಯಿತು. ವಿದೂಷಕ ಮೀನಿಗೋ ಅದೇ ತಾಯ ಮಡಿಲು! ಮೈಮೇಲಿನ ಲೋಳೆಯ ಹೊದಿಕೆ ಇದನ್ನು ಕಾಯುತ್ತದೆ.

ಬಿಟ್ಟಿಯಾಗಿ ಇರುವ ಒಕ್ಕಲೇನೂ ಅಲ್ಲ ಇದು. ಕಡಲಹೂವನ್ನು ತಿನ್ನಬರುವ ಮೀನುಗಳನ್ನು ಅಟ್ಟುತ್ತದೆ. ಇದು ವಿಸರ್ಜಿಸಿದ್ದು ಹೂವಿನೊಳಗಿನ ಸೂಕ್ಷ್ಮ ಪಾಚಿಗೆ ಗೊಬ್ಬರ. ಆ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹೂವಿಗೂ ಉಣಿಸುತ್ತದೆ.

ಇವುಗಳ ಸಂಸಾರವೂ ವಿಚಿತ್ರ. ಮನೆಗೆಲ್ಲ ದೊಡ್ಡದು ಹೆಣ್ಣು. ಮೊಟ್ಟೆಗಳನ್ನು ಕಾಯುವುದು, ರೆಕ್ಕೆ ಬೀಸಿ ಅವಕ್ಕೆ ಹೊಸ ನೀರು ಹಾಯಿಸುವುದು ಗಂಡಿನ ಪಾಲಿನ ಕೆಲಸ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಮನೆಯ ಕಿರಿಯ ಮೀನೊಂದು ಬೆಳೆದು ಗಂಡಿನ ಸ್ಥಾನಕ್ಕೆ ಬರುತ್ತದೆ. ಜೊತೆಗಾರರನ್ನು ಹುಡುಕಲು ಹೊಸ್ತಿಲು ದಾಟಿದರೆ ದೊಡ್ಡ ಮೀನುಗಳ ಬಾಯಿ ಕಾದಿರುತ್ತದಷ್ಟೆ!

ಇಂಥ ಮನೆಗೇ ಕೇಡು ಬಂದರೆ ಗತಿಯೇನು? ನೀರು ಮಿತಿಮೀರಿ ಬಿಸಿಯಾದಾಗ ಪಾಚಿ ಹೊರಬಿದ್ದು ಕಡಲಹೂವು ಬಿಳಿಚಿಕೊಳ್ಳುತ್ತದೆ. 2016ರಲ್ಲಿ ಪೆಸಿಫಿಕ್ ಸಾಗರದ ಮೊರೆಯ ದ್ವೀಪದ ಬಳಿ ಹೀಗಾಯಿತು. ಬಿಳಿಚಿದ ಹೂಗಳಲ್ಲಿದ್ದ, ಇದರ ದಾಯಾದಿಯಾದ ಇನ್ನೊಂದು ಜಾತಿಯ ಮೀನುಗಳ ಸಂತಾನ ಬಹಳ ಕುಗ್ಗಿದುದನ್ನು ವಿಜ್ಞಾನಿಗಳು ಕಂಡರು. ಮೀನನ್ನು ಯಾರೂ ಮುಟ್ಟಲಿಲ್ಲ. ಮನೆ ಬಡವಾಯಿತು, ತೊಟ್ಟಿಲು ಬರಿದಾಯಿತು.

ಮಕ್ಕಳು ಗಾಜಿನ ತೊಟ್ಟಿಗೆ ಈ ಮೀನು ಬೇಕೆಂದು ಹಟ ಹಿಡಿದರೆ, ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದದ್ದನ್ನು ವಿಚಾರಿಸಿ ಕೊಳ್ಳಿರಿ. ಕಡಲಿನ ಮೀನಿಗೆ ಕಡಲಿನಲ್ಲಿ ಮನೆಯಿದೆ; ಅದು ಅಲ್ಲಿಯೇ ಇರಲಿ.